ಗುರಿ ಎಲ್ಲರದು, ಮಾತು ಒಬ್ಬರದು



ಹುದ್ದೆ ಏರಿದಂತೆ ಸಂಬಳ ಏರುತ್ತದೆ, ಕ್ಯಾಬಿನ್ ಬರುತ್ತದೆ, ಕಾರು ಬರುತ್ತದೆ. ಕಡಿಮೆಯಾಗುವುದು ಒಂದೇ: ಮುಖ ನೋಡಿ ನಿಜ ಹೇಳುವವರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಪ್ಪು ಮಾಡಿದರೆ ಪಕ್ಕದವರೇ ತಿದ್ದುತ್ತಿದ್ದರು, ಸೂಪರ್‌ವೈಸರ್ ಗದರಿಸುತ್ತಿದ್ದರು. ಅದೇ ಮನುಷ್ಯ ಇಪ್ಪತ್ತು ವರ್ಷ ದುಡಿದು ಜನರಲ್ ಮ್ಯಾನೇಜರ್ ಆದ ಮೇಲೆ ಕೈಕೆಳಗಿನವರು ಹೆದರಿ ಸುಮ್ಮನಿರುತ್ತಾರೆ. ಸರೀಕರು ತಮಗೇಕೆ ಉಸಾಬರಿ ಎಂದುಕೊಳ್ಳುತ್ತಾರೆ. ಮಾಲೀಕರು ವರ್ಷಕ್ಕೊಮ್ಮೆ ಅಪ್ರೈಸಲ್ ಹೊತ್ತಿನಲ್ಲಿ ಲೆಕ್ಕ ಮುಂದಿಟ್ಟುಕೊಂಡು ಮಾತಾಡುತ್ತಾರೆ, ಅಷ್ಟೇ. ಜವಾಬ್ದಾರಿ ಹೆಚ್ಚಾದ ಹೊತ್ತಿಗೇ ಕಲಿಯುವ ದಾರಿಗಳು ಮುಚ್ಚಿಕೊಳ್ಳುತ್ತವೆ. ಈ ಕೊರತೆಯನ್ನು ತುಂಬಲು ಹುಟ್ಟಿಕೊಂಡದ್ದೇ ಎಕ್ಸಿಕ್ಯುಟಿವ್ ಕೋಚಿಂಗ್. ಹಿರಿಯ ಹುದ್ದೆಯಲ್ಲಿರುವ ಒಬ್ಬರ ಜೊತೆ ಹೊರಗಿನ ಒಬ್ಬ ಕೋಚ್ ಆರು ತಿಂಗಳೋ ಒಂದು ವರ್ಷವೋ ನಿಯಮಿತವಾಗಿ ಕೂತು ಮಾತಾಡುವ ಏರ್ಪಾಡು ಇದು. ದುಡ್ಡು ಕೊಡುವುದು ಕಂಪನಿ.

ವಿಜಯನಗರ, ಅತ್ತಿಗುಪ್ಪೆ ಕಡೆಯವರಿಗೆ ಕೋಚಿಂಗ್ ಎಂದ ಕೂಡಲೇ ಕೆಎಎಸ್, ಐಎಎಸ್ ಪರೀಕ್ಷೆಯ ತರಗತಿಗಳು ನೆನಪಾಗಬಹುದು. ಅಲ್ಲಿ ಗೊತ್ತಿರುವವರು ಗೊತ್ತಿಲ್ಲದವರಿಗೆ ಪಾಠ ಹೇಳುತ್ತಾರೆ. ಇಲ್ಲಿ ಪಾಠವಿಲ್ಲ. ಲೋಹಕ್ಕೆ ಆಕಾರ ಕೊಡುವ ಡೈ ಮಾಡುವುದನ್ನಾಗಲಿ, ಸಾಫ್ಟ್‌ವೇರ್ ಬರೆಯುವುದನ್ನಾಗಲಿ ಕೋಚ್ ಕಲಿಸುವುದಿಲ್ಲ. ಕಂಪನಿ ಹೇಗೆ ನಡೆಸಬೇಕೆಂಬ ವರದಿ ಕೊಡುವುದು ಸಲಹೆಗಾರರ ಕೆಲಸ, ತಮ್ಮ ಅನುಭವದಿಂದ ದಾರಿ ತೋರುವುದು ಹಿರಿಯರ ಕೆಲಸ, ಮನಸ್ಸಿನ ನೋವಿಗೆ ಚಿಕಿತ್ಸೆ ಕೊಡುವುದು ವೈದ್ಯರ ಕೆಲಸ. ಕೋಚ್ ಮಾಡುವುದು ಪ್ರಶ್ನೆ ಕೇಳುವುದು, ಉತ್ತರವನ್ನು ಗಮನವಿಟ್ಟು ಕೇಳುವುದು, ಕಂಡದ್ದನ್ನು ಮುಚ್ಚುಮರೆಯಿಲ್ಲದೆ ಹೇಳುವುದು, ಒಪ್ಪಿಕೊಂಡ ಕೆಲಸ ಆಯಿತೇ ಎಂದು ಮುಂದಿನ ಸಲ ಮರೆಯದೆ ವಿಚಾರಿಸುವುದು.

ಈ ಪದ್ಧತಿಯ ಒಂದು ಬೇರು ಆಟದ ಅಂಗಳದಲ್ಲಿದೆ. ಅಮೆರಿಕದ ಟೆನಿಸ್ ಶಿಕ್ಷಕ ತಿಮೊತಿ ಗ್ಯಾಲ್ವೆ 1974ರಲ್ಲಿ ಬರೆದ ಪುಸ್ತಕದಲ್ಲಿ, ಎದುರಾಳಿಗಿಂತ ಆಟಗಾರನ ತಲೆಯೊಳಗಿನ ಗದ್ದಲವೇ ಅವನನ್ನು ಹೆಚ್ಚು ಕಾಡುತ್ತದೆ ಎಂದು ತೋರಿಸಿಕೊಟ್ಟರು. ಹಿಂದೆ ಕಾರ್ ರೇಸ್ ಓಡಿಸುತ್ತಿದ್ದ ಇಂಗ್ಲೆಂಡಿನ ಜಾನ್ ವಿಟ್ಮೋರ್ ಆ ವಿಚಾರವನ್ನು ಕಚೇರಿಗಳಿಗೆ ತಂದರು. 1992ರಲ್ಲಿ ಬಂದ ಅವರ ಪುಸ್ತಕ ಹೆಸರಾದದ್ದು ನಾಲ್ಕು ಹಂತದ ಪ್ರಶ್ನೆಗಳಿಂದ. ನಿಮಗೆ ಏನಾಗಬೇಕು? ಈಗ ಏನಾಗುತ್ತಿದೆ? ಯಾವ ಯಾವ ದಾರಿಗಳಿವೆ? ಅದರಲ್ಲಿ ಯಾವುದನ್ನು, ಯಾವಾಗ ಮಾಡುತ್ತೀರಿ? ಇಂದಿಗೂ ಬಹಳಷ್ಟು ಕೋಚ್‌ಗಳ ಮಾತುಕತೆ ಈ ನಾಲ್ಕರ ಸುತ್ತಲೇ ನಡೆಯುತ್ತದೆ.

ಕೆಲಸ ಬಲ್ಲವರಿಗೆ ಕೋಚ್ ಏಕೆ ಬೇಕು ಎಂದು ಕೇಳುವವರಿಗೆ ಭಾರತೀಯ ಮೂಲದ ಶಸ್ತ್ರವೈದ್ಯ ಅತುಲ್ ಗವಾಂಡೆ ಅವರ ಅನುಭವ ಉತ್ತರವಾಗಬಲ್ಲದು. ಅಮೆರಿಕದಲ್ಲಿ ಹೆಸರು ಮಾಡಿದ್ದ ಅವರಿಗೆ, ತಮ್ಮ ಕೈಚಳಕ ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟಿದೆ ಅನಿಸಿತು. ತಮಗೆ ಪಾಠ ಹೇಳಿದ್ದ ನಿವೃತ್ತ ಸರ್ಜನ್ ರಾಬರ್ಟ್ ಆಸ್ಟೀನ್ ಅವರನ್ನು ಕರೆದು, ಆಪರೇಷನ್ ಥಿಯೇಟರಿನಲ್ಲಿ ನಿಂತು ನೋಡಿ ಎಂದು ಕೇಳಿಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಗುರುಗಳು ಕಾಗದದ ತುಂಬ ಗುರುತು ಹಾಕಿಕೊಂಡಿದ್ದರು. ಮೇಲಿನ ದೀಪ ಸರಿದುಹೋಗಿ ಬೆಳಕು ಗಾಯದ ಮೇಲೆ ನೇರ ಬೀಳುತ್ತಿರಲಿಲ್ಲ. ಮೊಣಕೈ ಆಗಾಗ ಮೇಲೇಳುತ್ತಿತ್ತು. ಬಟ್ಟೆ ಹೊದಿಸಿದ ರೀತಿ ಗವಾಂಡೆಯವರಿಗೆ ಅನುಕೂಲವಾಗಿತ್ತು, ಎದುರು ನಿಂತ ಸಹಾಯಕರಿಗೆ ಅಡ್ಡಿಯಾಗಿತ್ತು. ಇವು ಯಾವುವೂ ಕೆಲಸ ಮಾಡುತ್ತಿದ್ದವರ ಕಣ್ಣಿಗೆ ಬಿದ್ದಿರಲಿಲ್ಲ. 2011ರಲ್ಲಿ ಅವರು ಇದನ್ನೆಲ್ಲ ಬರೆದು ಪ್ರಕಟಿಸಿದರು. ಜಾಣತನದ ಕೊರತೆಯಿಂದ ಆದದ್ದಲ್ಲ ಇದು. ತಮ್ಮ ಕೆಲಸದಲ್ಲಿ ಮುಳುಗಿದವರು ತಮ್ಮನ್ನು ತಾವು ಹೊರಗಿನಿಂದ ನೋಡಲಾರರು.

ನಮ್ಮ ಪಶ್ಚಿಮ ಬೆಂಗಳೂರಿನಲ್ಲೇ ಕೋಚಿಂಗ್‌ನ ದೊಡ್ಡ ಪ್ರಯೋಗವೊಂದು ನಡೆದಿದೆ. ಮೈಸೂರು ರಸ್ತೆಯಲ್ಲಿ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಆಸುಪಾಸಿನಲ್ಲಿ, ಈಗಿನ ಪಟ್ಟಣಗೆರೆ ಮೆಟ್ರೊ ನಿಲ್ದಾಣಕ್ಕೆ ಸಮೀಪದಲ್ಲಿ, ಗ್ಲೋಬಲ್ ವಿಲೇಜ್ ಎಂಬ ಟೆಕ್ ಪಾರ್ಕ್ ಇದೆ. ಮೈಂಡ್‌ಟ್ರೀ ಎಂಬ ಐಟಿ ಕಂಪನಿಯ ಪ್ರಧಾನ ಕಚೇರಿ ಇದ್ದದ್ದು ಅಲ್ಲೇ. 1999ರಲ್ಲಿ ಆ ಕಂಪನಿ ಕಟ್ಟಿದವರಲ್ಲಿ ಒಬ್ಬರು ಸುಬ್ರೊತೊ ಬಾಗ್ಚಿ. ಕಂಪನಿಯ ದಿನನಿತ್ಯದ ವ್ಯವಹಾರವೆಲ್ಲ ಅವರ ಕೈಯಲ್ಲಿತ್ತು. 2008ರ ಏಪ್ರಿಲ್ 1ರಂದು ಅವರು ಆ ಅಧಿಕಾರ ಬಿಟ್ಟುಕೊಟ್ಟು, ‘ಗಾರ್ಡನರ್’ ಎಂಬ ಹೊಸ ಹುದ್ದೆ ಮಾಡಿಕೊಂಡರು. ಕಂಪನಿಯ ಮೇಲಿನ ಸ್ತರದ ನೂರು ಮಂದಿ ನಾಯಕರ ವೈಯಕ್ತಿಕ ಬೆಳವಣಿಗೆಗೆ ಒತ್ತಾಸೆಯಾಗುವುದು ಆ ಹುದ್ದೆಯ ಕೆಲಸ. ಷೇರು ಮಾರುಕಟ್ಟೆಗೆ ಕಾಲಿಟ್ಟು ಒಂದು ವರ್ಷವಷ್ಟೇ ಆಗಿದ್ದ ಕಂಪನಿಯಲ್ಲಿ ಸಂಸ್ಥಾಪಕರೊಬ್ಬರು ಗಿರಾಕಿ, ವಹಿವಾಟು ಎಲ್ಲ ಬದಿಗಿಟ್ಟು, ಜನರನ್ನು ಬೆಳೆಸುವುದೇ ನನ್ನ ಕೆಲಸ ಎಂದು ಹೊರಟದ್ದು ಸಣ್ಣ ಮಾತಲ್ಲ. 2019ರಲ್ಲಿ ಆ ಕಂಪನಿ ಎಲ್ ಆ್ಯಂಡ್ ಟಿ ಕೈಗೆ ಹೋಯಿತು. 2022ರಲ್ಲಿ ಎಲ್ ಆ್ಯಂಡ್ ಟಿಯದೇ ಆದ ಎಲ್‌ಟಿಐ ಜೊತೆ ವಿಲೀನವಾಯಿತು. ಆದರೂ ಆ ಪ್ರಯೋಗದ ಹಿಂದಿನ ನಂಬಿಕೆ ನಮಗೆ ಇಂದಿಗೂ ಬೇಕು. ಹಿರಿಯರ ಬೆಳವಣಿಗೆ ತಾನಾಗಿ ಆಗುವುದಿಲ್ಲ. ಅದಕ್ಕೆಂದೇ ಒಬ್ಬರು ಸಮಯ ಕೊಡಬೇಕು.

ಎಲ್ಲ ಕಂಪನಿಗಳಲ್ಲೂ ಹೀಗೆ ಸಮಯ ಕೊಡಬಲ್ಲ ಸಂಸ್ಥಾಪಕರು ಇರುವುದಿಲ್ಲ. ಅಲ್ಲದೆ ಯಜಮಾನರೇ ಕೋಚ್ ಆದರೆ ನೌಕರರು ಮನಸ್ಸು ಬಿಚ್ಚಿ ಮಾತಾಡುವುದು ಕಷ್ಟ. ನಾಳೆ ಬಡ್ತಿ ಕೊಡುವವರ ಮುಂದೆ ಇಂದು ಅಳುಕು ತೋಡಿಕೊಳ್ಳುವವರು ಕಡಿಮೆ. ಅದಕ್ಕೇ ಸಾಮಾನ್ಯವಾಗಿ ಹೊರಗಿನವರನ್ನು ಗೊತ್ತು ಮಾಡುತ್ತಾರೆ. ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಉದಾಹರಣೆ ಕಲ್ಪಿಸಿಕೊಂಡೇ ನೋಡೋಣ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಜಿಟಿಟಿಸಿ ಇದೆ. ಡೆನ್ಮಾರ್ಕ್ ದೇಶದ ನೆರವಿನಿಂದ 1972ರಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಅದು. ಅಲ್ಲಿ ಡಿಪ್ಲೊಮಾ ಓದಿ, ಮಾಗಡಿ ರಸ್ತೆಯ ಒಂದು ಕಾರ್ಖಾನೆಗೆ ಸೇರಿ, ಮೆಷಿನ್ ಪಕ್ಕದಿಂದಲೇ ಮೇಲೆ ಬಂದು ಜನರಲ್ ಮ್ಯಾನೇಜರ್, ಅಂದರೆ ಜಿಎಂ, ಆದವರೊಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. ಡೈ ಕೈಗೆತ್ತಿಕೊಂಡರೆ ದೋಷ ಎಲ್ಲಿದೆಯೆಂದು ಹೇಳಬಲ್ಲವರು. ಆದರೆ ಎರಡು ವರ್ಷದಲ್ಲಿ ಮೂವರು ಒಳ್ಳೆಯ ಎಂಜಿನಿಯರುಗಳು ಕೆಲಸ ಬಿಟ್ಟಿದ್ದಾರೆ. ಓನರಿಗೆ ಚಿಂತೆ ಹತ್ತಿದೆ.

ಮೊದಲ ಹೆಜ್ಜೆ ಕೋಚ್ ಆಯ್ಕೆ. ಎರಡು ಮೂರು ಮಂದಿಯ ಜೊತೆ ಜಿಎಂ ಸ್ವತಃ ಮಾತಾಡಿ, ಯಾರ ಜೊತೆ ಹೊಂದುತ್ತದೆ ಎಂದು ತಾವೇ ತೀರ್ಮಾನಿಸಬೇಕು. ಇದು ಓನರು ಹೇರುವಂಥದಲ್ಲ. ನಮ್ಮ ದೇಶದಲ್ಲಿ ಕೋಚ್ ಆಗಲು ಸರ್ಕಾರದ ಪರವಾನಗಿ ಬೇಕಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ಆದ್ದರಿಂದ ವಿಚಾರಿಸಿ ನೋಡುವುದು ಅಗತ್ಯ. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಮೂರು ಹಂತದ ಮಾನ್ಯತೆ ಕೊಡುತ್ತದೆ. ತರಬೇತಿ, ಪರೀಕ್ಷೆಗಳ ಜೊತೆಗೆ ಮೊದಲ ಹಂತಕ್ಕೆ 100 ಗಂಟೆ, ಎರಡನೆಯದಕ್ಕೆ 500, ಮೂರನೆಯದಕ್ಕೆ 2,500 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು. ಮಾನ್ಯತೆ ಇದ್ದ ಮಾತ್ರಕ್ಕೆ ಒಳ್ಳೆಯ ಕೋಚ್ ಎಂದಲ್ಲ. ಆದರೂ ಕೇಳಬೇಕಾದ ಮೊದಲ ಪ್ರಶ್ನೆ ಅದು.

ಎರಡನೆಯ ಹೆಜ್ಜೆ ಎಲ್ಲಕ್ಕಿಂತ ಮುಖ್ಯ. ಓನರು, ಜಿಎಂ, ಕೋಚ್ ಮೂವರೂ ಒಟ್ಟಿಗೆ ಕೂರಬೇಕು. ಆರು ತಿಂಗಳಲ್ಲಿ ಏನು ಬದಲಾಗಬೇಕು ಎಂಬುದನ್ನು ಎರಡು ಮೂರು ವಾಕ್ಯದಲ್ಲಿ ಬರೆದಿಡಬೇಕು. ‘ನಾಯಕತ್ವ ಸುಧಾರಿಸಬೇಕು’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಸೋಮವಾರದ ಮೀಟಿಂಗ್‌ನಲ್ಲಿ ವಿಭಾಗದವರು ತಮ್ಮ ತೊಂದರೆಯನ್ನು ತಾವೇ ಹೇಳುವಂತಾಗಬೇಕು’ ಎಂದು ಬರೆದರೆ ಆಯಿತೇ ಇಲ್ಲವೇ ಎಂದು ನೋಡಬಹುದು. ಅದೇ ಕಾಗದದಲ್ಲಿ ಇನ್ನೊಂದು ಮಾತೂ ಇರಬೇಕು: ಕೋಚ್ ಕಂಪನಿಗೆ ಏನು ಹೇಳುತ್ತಾರೆ, ಏನು ಹೇಳುವುದಿಲ್ಲ. ಗುರಿ ಮೂವರಿಗೂ ಗೊತ್ತಿರಲಿ. ಎಷ್ಟು ಸಲ ಭೇಟಿಯಾಯಿತು ಎಂಬುದೂ ಗೊತ್ತಿರಲಿ. ಒಳಗೆ ಆಡಿದ ಮಾತು ಮಾತ್ರ ಜಿಎಂ ಅವರದು, ಅವರು ತಾವಾಗಿ ಹೇಳಿದರೆ ಮಾತ್ರ ಅದು ಹೊರಗೆ ಬರಬೇಕು. ದುಡ್ಡು ಕೊಡುವವರಿಗೂ ಕೋಚಿಂಗ್ ಪಡೆಯುವವರಿಗೂ ಯಾವ ಮಾಹಿತಿ ಹೋಗುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕೆಂದು ಆ ಫೆಡರೇಷನ್ನಿನ ನೀತಿ ಸಂಹಿತೆಯೂ ಹೇಳುತ್ತದೆ.

ಮೂರನೆಯದು ಸುತ್ತಲಿನವರ ಅಭಿಪ್ರಾಯ ಸಂಗ್ರಹ. ಕೋಚ್ ಏಳೆಂಟು ಮಂದಿಯ ಜೊತೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿ, ಹೆಸರು ಹೇಳದೆ ಸಾರಾಂಶವನ್ನು ಜಿಎಂ ಮುಂದಿಡುತ್ತಾರೆ. ಸಣ್ಣ ಕಾರ್ಖಾನೆಗಳಲ್ಲಿ ಇಲ್ಲಿ ಎಚ್ಚರ ಬೇಕು. ಟೂಲ್ ರೂಮಿನಲ್ಲಿ ಇರುವುದೇ ಇಬ್ಬರಾದರೆ ‘ಟೂಲ್ ರೂಮಿನವರು ಹೀಗೆ ಹೇಳಿದರು’ ಎಂದರೂ ಹೆಸರು ಹೇಳಿದಂತೆಯೇ.

ಆಮೇಲೆ ಶುರುವಾಗುವುದು ನಿಜವಾದ ಕೆಲಸ. ಎರಡು ಮೂರು ವಾರಕ್ಕೊಮ್ಮೆ, ಒಂದು ಗಂಟೆಯೋ ಒಂದೂವರೆ ಗಂಟೆಯೋ. ಅಂಥ ಒಂದು ಮಾತುಕತೆ ಹೀಗಿರಬಹುದು.

“ಮೀಟಿಂಗ್‌ನಲ್ಲಿ ಯಾರೂ ಬಾಯೇ ಬಿಡೋದಿಲ್ಲ ಮೇಡಂ. ಎಲ್ಲಾ ನಾನೇ ಹೇಳಬೇಕು.”

“ಹೋದ ಸೋಮವಾರ ಮೊದಲು ಮಾತಾಡಿದ್ದು ಯಾರು ಸರ್?”

“ನಾನೇ.”

“ಆಮೇಲೆ?”

“ಟೂಲ್ ರೂಮ್ ಸೂಪರ್‌ವೈಸರ್ ಏನೋ ಶುರು ಮಾಡಿದ್ರು. ಅವರು ಏನು ಹೇಳ್ತಾರೆ ಅಂತ ನನಗೆ ಗೊತ್ತಿತ್ತು.”

“ಅವರು ಪೂರ್ತಿ ಹೇಳಿದ್ರಾ?”

ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬರುತ್ತದೆ. “ಇಲ್ಲ. ನಾನು ಬಿಡಲಿಲ್ಲ.”

ಇಲ್ಲಿ ಕೋಚ್ ಬುದ್ಧಿವಾದ ಹೇಳಲಿಲ್ಲ. ನಡೆದದ್ದನ್ನು ಜಿಎಂ ಕಣ್ಣಮುಂದೆ ತಂದರು, ಅಷ್ಟೇ. ಮುಂದಿನ ಎರಡು ಸೋಮವಾರ ತಾವು ಕೊನೆಯಲ್ಲಿ ಮಾತಾಡುವುದಾಗಿ ಜಿಎಂ ಒಪ್ಪಿಕೊಳ್ಳುತ್ತಾರೆ. ಬೇರೆಯವರ ಮಾತಿಗೆ ಅಡ್ಡ ಬಾಯಿ ಹಾಕಿದಾಗಲೆಲ್ಲ ಡೈರಿಯ ಅಂಚಿನಲ್ಲಿ ಒಂದು ಗೆರೆ ಎಳೆಯಬೇಕೆಂದೂ ತೀರ್ಮಾನವಾಗುತ್ತದೆ. ಮೊದಲ ವಾರ ಅಂಚಿನ ತುಂಬ ಗೆರೆಗಳು. ಎರಡನೆಯ ವಾರ ಕಡಿಮೆಯಾಗುತ್ತವೆ. ಆ ಎರಡನೆಯ ಮೀಟಿಂಗ್‌ನಲ್ಲೇ ಸೂಪರ್‌ವೈಸರ್ ತಮ್ಮ ಮಾತು ಮುಗಿಸುತ್ತಾರೆ: “ಆ ಡೈ ಇನ್ನೊಂದು ಸಲ ವೆಲ್ಡ್ ಮಾಡಿದ್ರೆ ನಿಲ್ಲೋದಿಲ್ಲ ಸರ್. ಹೊಸದೇ ಮಾಡಿಸಬೇಕು.” ತಯಾರಾದ ಮಾಲಿನ ರಿಜೆಕ್ಷನ್ ಏಕೆ ಹೆಚ್ಚುತ್ತಿದೆ ಎಂದು ಇಡೀ ಕಾರ್ಖಾನೆ ತಲೆ ಕೆಡಿಸಿಕೊಂಡಿದ್ದಾಗ ಉತ್ತರ ಗೊತ್ತಿದ್ದವರು ಅದೇ ಮೇಜಿನ ಸುತ್ತ ಕೂತಿದ್ದರು.

ಕಥೆ ಇಲ್ಲಿಗೆ ಮುಗಿದರೆ ಜಿಎಂ ತಪ್ಪು ತಿದ್ದಿಕೊಂಡರು ಎಂದಾಗುತ್ತದೆ. ಆದರೆ ಹೊಸ ಡೈಗೆ ದುಡ್ಡು ಬೇಕು. ಅದನ್ನು ಮಂಜೂರು ಮಾಡುವವರು ಓನರು. ಅದರ ಜೊತೆಗೆ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಓನರು ದಿನಕ್ಕೆರಡು ಸಲ ಜಿಎಂ ಅವರನ್ನು ದಾಟಿ ಸೂಪರ್‌ವೈಸರಿಗೇ ಫೋನು ಮಾಡಿ ಕೆಲಸ ಹೇಳುತ್ತಿದ್ದಾರೆ. ಮೇಲಿನವರು ತಮ್ಮನ್ನು ನಂಬುತ್ತಿಲ್ಲ ಎಂಬ ಅಳುಕೇ ಜಿಎಂ ಅವರನ್ನು ಮೀಟಿಂಗ್‌ನಲ್ಲಿ ಏರುದನಿಯವರನ್ನಾಗಿ ಮಾಡಿತ್ತು. ಮೂರು ತಿಂಗಳ ಹೊತ್ತಿಗೆ ಮೂವರೂ ಮತ್ತೆ ಕೂತಾಗ ಈ ಮಾತನ್ನು ಓನರ ಮುಂದಿಡಬೇಕಾದವರು ಜಿಎಂ, ಕೋಚ್ ಅಲ್ಲ. ಅದನ್ನು ಹೇಗೆ ಹೇಳಬೇಕೆಂದು ಸಿದ್ಧರಾಗಲು ಕೋಚ್ ನೆರವಾಗಿರುತ್ತಾರೆ. ಹೇಳಿಸಿಕೊಳ್ಳುವ ಮನಸ್ಸು ಓನರಿಗೆ ಇರಬೇಕು. ಫೋನು ಮಾಡುವುದನ್ನು ನಿಲ್ಲಿಸುವ ಮನಸ್ಸೂ ಇರಬೇಕು.

ನಾನು ಇಂದು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದನ್ನೇ. ನೌಕರರನ್ನು ರಿಪೇರಿಗೆ ಬಿಟ್ಟು ಹೋಗುವ ಜಾಗ ಕೋಚಿಂಗ್ ಅಲ್ಲ. ಒಬ್ಬರು ಬದಲಾಗಬೇಕಾದರೆ ಅವರ ಮೇಲಿನವರೂ ಏನಾದರೊಂದನ್ನು ಬದಲಾಯಿಸಿಕೊಳ್ಳಬೇಕು. ಹಾಗೆ ಒಪ್ಪದ ಮಾಲೀಕರು ಕೋಚ್‌ಗೆ ದುಡ್ಡು ಸುರಿಯದಿರುವುದೇ ವಾಸಿ.

ಮಾಲೀಕರು ಮೀರಬಾರದ ಗೆರೆ ಇನ್ನೊಂದಿದೆ. ಒಂದು ಸಂಜೆ ಓನರು ಕೋಚ್‌ಗೆ ಫೋನು ಮಾಡಿ, “ನಮ್ಮ ಜಿಎಂ ಏನಂತಾರೆ ಮೇಡಂ? ಬೇರೆ ಕಡೆ ಕೆಲಸ ನೋಡ್ತಿದ್ದಾರಾ?” ಎಂದು ಕೇಳಬಹುದು. ಕೇಳುವುದರಲ್ಲಿ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಒಳ್ಳೆಯ ಕೋಚ್ ಕೊಡುವ ಉತ್ತರ ಒಂದೇ: “ಅದನ್ನ ನೀವು ಅವರನ್ನೇ ಕೇಳಬೇಕು ಸರ್.” ಈ ಉತ್ತರ ಕೇಳಿ ಓನರು ಬೇಸರ ಮಾಡಿಕೊಳ್ಳಬಾರದು. ಒಂದು ಮಾತು ಸೋರಿದರೂ ಆ ಕೋಚ್ ಮುಂದೆ ಆ ಕಂಪನಿಯ ಯಾರೂ ಬಾಯಿ ಬಿಡುವುದಿಲ್ಲ. ಆಗ ಕಳೆದುಕೊಳ್ಳುವವರು ಓನರೇ.

ಹಾಗೆಯೇ, ಒಬ್ಬರನ್ನು ಕೆಲಸದಿಂದ ತೆಗೆಯಬೇಕೆಂದು ಮೊದಲೇ ತೀರ್ಮಾನಿಸಿ, ‘ಅವಕಾಶ ಕೊಟ್ಟಿದ್ದೆವು’ ಎಂದು ದಾಖಲೆಗೆ ತೋರಿಸಲು ಕೋಚ್ ಗೊತ್ತು ಮಾಡುವುದು ಅನ್ಯಾಯ. ಹಾಗೆ ಮಾಡಿದ ಕಂಪನಿಯಲ್ಲಿ ಕೋಚಿಂಗ್ ಎಂದರೆ ನೋಟಿಸು ಬಂತು ಎಂದೇ ಜನ ತಿಳಿಯುತ್ತಾರೆ. ಈಗಾಗಲೇ ಬಹಳ ಮಂದಿಗೆ ಆ ಅಂಜಿಕೆ ಇದೆ. ಗೂಗಲ್ ಮುಖ್ಯಸ್ಥರಾಗಿದ್ದ ಎರಿಕ್ ಸ್ಮಿಟ್ ಅವರಿಗೂ ಕೋಚ್ ತೆಗೆದುಕೊಳ್ಳಿ ಎಂದು ಸಲಹೆ ಬಂದಾಗ ಮೊದಲು ಕೋಪವೇ ಬಂದಿತ್ತಂತೆ. ಇಷ್ಟು ವರ್ಷದ ಅನುಭವ ಇರುವ ನನಗೇಕೆ ಎಂದುಕೊಂಡರು. ಆಮೇಲೆ ಒಪ್ಪಿಕೊಂಡರು. ಆ ಕೋಚ್ ಬಿಲ್ ಕ್ಯಾಂಪ್‌ಬೆಲ್ ಹಿಂದೆ ಕೊಲಂಬಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ತರಬೇತುದಾರರಾಗಿದ್ದವರು. ಅವರು ತೀರಿಕೊಂಡ ಮೇಲೆ 2019ರಲ್ಲಿ ಇದೇ ಸ್ಮಿಟ್ ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ ಅವರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು.

ಕೋಚಿಂಗ್‌ಗೆ ಸಲ್ಲದ ಸಂದರ್ಭಗಳೂ ಇವೆ. ಲೆಕ್ಕದಲ್ಲಿ ಮೋಸ ಮಾಡಿದವರಿಗೆ, ಹೆಣ್ಣುಮಕ್ಕಳಿಗೆ ಕಿರುಕುಳ ಕೊಟ್ಟವರಿಗೆ ಬೇಕಾದದ್ದು ವಿಚಾರಣೆ. ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಅನಿಸುತ್ತಿರುವವರಿಗೆ ಬೇಕಾದದ್ದು ವೈದ್ಯರು. ಅದನ್ನು ಗುರುತಿಸಿ ಕಳಿಸಿಕೊಡುವುದೂ ಕೋಚ್ ಕರ್ತವ್ಯ. ನಮ್ಮ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು.

ಕೋಚಿಂಗ್‌ನಿಂದ ಉಪಯೋಗವಾಯಿತೇ ಎಂದು ಅಳೆಯುವುದು ಹೇಗೆ? ಕೋಚಿಂಗ್ ಪಡೆದವರನ್ನು ಕೇಳಿದರೆ ಚೆನ್ನಾಗಿತ್ತು ಎಂದೇ ಹೇಳುತ್ತಾರೆ. ಕೇಳಬೇಕಾದದ್ದು ಅವರ ಜೊತೆ ಕೆಲಸ ಮಾಡುವವರನ್ನು. ಅಮೆರಿಕದ ಹೆಸರಾಂತ ಕೋಚ್ ಮಾರ್ಷಲ್ ಗೋಲ್ಡ್‌ಸ್ಮಿತ್ ಈ ವಿಷಯದಲ್ಲಿ ಬಹಳ ನೇರ. ಒಂದು, ಒಂದೂವರೆ ವರ್ಷದ ಕೊನೆಯಲ್ಲಿ ಸಹೋದ್ಯೋಗಿಗಳು ‘ಹೌದು, ಇವರು ಬದಲಾಗಿದ್ದಾರೆ’ ಎಂದು ಹೇಳಿದರೆ ಮಾತ್ರ ಫೀಸು, ಇಲ್ಲದಿದ್ದರೆ ಇಲ್ಲ ಎಂಬ ಒಪ್ಪಂದದ ಮೇಲೆ ಅವರು ಕೆಲಸ ಮಾಡಿದವರು. ಎಲ್ಲರೂ ಆ ಕರಾರು ಮಾಡಿಕೊಳ್ಳಬೇಕಿಲ್ಲ. ಆದರೆ ಶುರುವಿನಲ್ಲಿ ಯಾರ ಅಭಿಪ್ರಾಯ ಕೇಳಿದ್ದೇವೋ ಕೊನೆಯಲ್ಲೂ ಅವರನ್ನೇ ಕೇಳುವುದು ಎಲ್ಲರಿಗೂ ಸಾಧ್ಯ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಇಂದು ಈ ಸೌಲಭ್ಯ ಬಹುಮಟ್ಟಿಗೆ ದೊಡ್ಡ ಐಟಿ ಕಂಪನಿಗಳಿಗೆ, ವಿದೇಶಿ ಕಂಪನಿಗಳಿಗೆ ಸೀಮಿತ. ನಡೆಯುವುದೂ ಇಂಗ್ಲಿಷಿನಲ್ಲಿ. ರಾಜಾಜಿನಗರ, ಕಾಮಾಕ್ಷಿಪಾಳ್ಯ, ಪೀಣ್ಯ, ಕುಂಬಳಗೋಡುಗಳಲ್ಲಿ ಎರಡನೆಯ ಸಾಲಿನ ನಾಯಕರು ಸಾವಿರಾರು ಮಂದಿ ಇದ್ದಾರೆ. ಕೆಲಸದ ಮಾತಿಗೆ ಬೇಕಾದಷ್ಟು ಇಂಗ್ಲಿಷ್ ಅವರಿಗೆ ಬರುತ್ತದೆ. ಆದರೆ ಅಂಜಿಕೆ, ಅವಮಾನ, ಆಸೆ ಇವನ್ನೆಲ್ಲ ಮನುಷ್ಯ ಹೇಳಿಕೊಳ್ಳುವುದು ತನ್ನ ಭಾಷೆಯಲ್ಲಿ. ಕನ್ನಡದಲ್ಲಿ ಕೇಳಬಲ್ಲ, ಕನ್ನಡದಲ್ಲಿ ಪ್ರಶ್ನಿಸಬಲ್ಲ ಕೋಚ್‌ಗಳು ನಮಗೆ ಬೇಕು. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ 1949ರಿಂದ ಇದೆ, ಅದರ ಕಚೇರಿ ವಿಜಯನಗರದಲ್ಲೇ ಇದೆ. ಪೀಣ್ಯ ಕೈಗಾರಿಕೆಗಳ ಸಂಘವೂ ಇದೆ. ಒಂದೊಂದು ಕಾರ್ಖಾನೆಗೆ ಹೊರೆಯಾಗುವ ಖರ್ಚನ್ನು ಹತ್ತು ಕಾರ್ಖಾನೆಗಳು ಹಂಚಿಕೊಂಡರೆ ನಿಭಾಯಿಸಬಹುದು. ಇಂಥ ಸಂಘಗಳು ಮುಂದೆ ಬಂದು, ಅನುಭವಸ್ಥ ನಿವೃತ್ತರಿಗೆ ಸರಿಯಾದ ತರಬೇತಿ ಕೊಡಿಸಿ, ಕನ್ನಡ ಬಲ್ಲ ಕೋಚ್‌ಗಳ ಒಂದು ಬಳಗ ಕಟ್ಟಲಿ ಎಂಬುದು ನನ್ನ ಮನಃಪೂರ್ವಕ ಕೋರಿಕೆ.

ಹಿರಿಯ ಹುದ್ದೆಯಲ್ಲಿರುವ ಕೇಳುಗರೇ, ಕಂಪನಿ ನಿಮಗೆ ಕೋಚ್ ಕೊಡುತ್ತೇನೆಂದರೆ ಅದನ್ನು ಕುಂದು ಎಂದುಕೊಳ್ಳಬೇಡಿ. ಒಪ್ಪುವ ಮುನ್ನ ಮೂರು ಪ್ರಶ್ನೆ ಕೇಳಿ: ಗುರಿ ಏನು, ನನ್ನ ಮಾತು ಯಾರಿಗೆ ಹೋಗುತ್ತದೆ, ಕೋಚ್ ಆಯ್ಕೆ ನನ್ನದೇ? ಮಾಲೀಕರೇ, ಕೋಚ್ ಜೊತೆ ಮೊದಲ ಸಲ ಕೂತಾಗ ಜಿಎಂ ಬದಲಾಯಿಸಿಕೊಳ್ಳಬೇಕಾದ ಎರಡು ಸಂಗತಿ ಬರೆದರೆ, ಅದರ ಕೆಳಗೆ ನೀವು ಬದಲಾಯಿಸಿಕೊಳ್ಳುವ ಒಂದನ್ನಾದರೂ ಬರೆದು ಸಹಿ ಹಾಕಿ. ಆ ಒಂದು ಸಾಲು ಇದ್ದ ಕಡೆ ಕೋಚಿಂಗ್‌ಗೆ ಕೊಟ್ಟ ದುಡ್ಡು ವ್ಯರ್ಥವಾಗುವುದಿಲ್ಲ.